ಬಿಟ್ಟು ಹೋಗಲೆಂದೇ ಕಟ್ಟಿದ ಕಾಲೇಜು

ಆಗಸ್ಟ್‌ನಿಂದ ನಾನು ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸೈಕಾಲಜಿ ಓದುತ್ತೇನೆ. ಸೀಟು ಸಿಕ್ಕಿದೆ, ಬರುತ್ತೇನೆಂದು ಒಪ್ಪಿಗೆ ಕಳಿಸಿಯೂ ಆಗಿದೆ. ಜೂನ್ ಕೊನೆಗೆ ಇಲ್ಲೇ ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿರುವ ಡಿ ಆಂಜಾ ಕಾಲೇಜಿನಲ್ಲಿ ನನ್ನ ಕೊನೆಯ ಕ್ವಾರ್ಟರ್ (ಸೆಮಿಸ್ಟರಿನಂಥದ್ದೇ, ಅದಕ್ಕಿಂತ ಚಿಕ್ಕ ಅವಧಿ) ಮುಗಿಯುತ್ತದೆ. ವಿಷಯ ಕೇಳಿದವರೆಲ್ಲ ಖುಷಿಪಟ್ಟರು, ನಾನೂ ಪಟ್ಟೆ. ಆದರೆ ಆ ಖುಷಿಯ ಬೆನ್ನಿಗೇ ಇನ್ನೇನೋ ಬಂದು ಕೂತಿದೆ. ದುಃಖ ಎನ್ನಲಾರೆ, ಹೆದರಿಕೆ ಅಂದರೂ ಅಷ್ಟೇ ಅಲ್ಲ. ಅದು ಏನೆಂದು ನೋಡಿಕೊಳ್ಳಲು ಬರೆಯುತ್ತಿದ್ದೇನೆ.

ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ ಗಾಬರಿಯಾದಳು. "ಅರ್ಧದಲ್ಲಿ ಕಾಲೇಜು ಬಿಡೋದಾ? ಯಾಕಮ್ಮ, ಅಲ್ಲೇನಾದ್ರೂ ತೊಂದ್ರೆ ಆಯ್ತಾ?" ಅಮ್ಮ ಹಾಗೆ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಕಡೆ ಓದಿನ ನಡುವೆ ಟಿ.ಸಿ. ತಗೊಂಡು ಬೇರೆ ಕಾಲೇಜಿಗೆ ಹೋಗುವವರು ಅಂದರೆ ಅಪ್ಪನಿಗೆ ಬೇರೆ ಊರಿಗೆ ವರ್ಗವಾದ ಮಕ್ಕಳು, ಇಲ್ಲವೇ ಏನೋ ರಂಪ ಮಾಡಿಕೊಂಡವರು. ಅಪ್ಪ ಫೋನ್ ಇಸಕೊಂಡು, "ನಮ್ಮ ಜೂನಿಯರ್ ಕಾಲೇಜ್ ಇದ್ದ ಹಾಗೇನು?" ಅಂದರು. ಪಿ.ಯು. ಕಾಲೇಜುಗಳ ಮುಂದೆ ಜೂನಿಯರ್ ಕಾಲೇಜು ಎಂಬ ಬೋರ್ಡಿದ್ದ ಕಾಲದವರು ಅವರು. ಅವರ ಊಹೆ ತೀರಾ ದೂರದ್ದೇನಲ್ಲ. ಡಿ ಆಂಜಾದಂಥವಕ್ಕೆ ಈಗ ಇಲ್ಲಿ ಕಮ್ಯುನಿಟಿ ಕಾಲೇಜು ಅನ್ನುತ್ತಾರೆ, ಮೊದಲು ಇವೂ ಜೂನಿಯರ್ ಕಾಲೇಜುಗಳೇ. ಇಲಿನಾಯ್‌ನ ಜೋಲಿಯೆಟ್ ಎಂಬ ಊರಲ್ಲಿ 1901ರಲ್ಲಿ ಶುರುವಾದದ್ದು ಈಗಲೂ ಆ ಹೆಸರನ್ನೇ ಇಟ್ಟುಕೊಂಡಿದೆ. ನಾಲ್ಕು ವರ್ಷದ ಡಿಗ್ರಿಯಲ್ಲಿ ಮೊದಲ ಎರಡು ವರ್ಷದ ಪಾಠಗಳನ್ನು ಮನೆ ಹತ್ತಿರದ ಕಾಲೇಜಿನಲ್ಲಿ ಕಡಿಮೆ ಖರ್ಚಿನಲ್ಲಿ ಮುಗಿಸಿ, ಅವುಗಳಿಗೆ ಸಿಕ್ಕ ಯೂನಿಟ್‌ಗಳನ್ನು, ಅಂದರೆ ಕ್ರೆಡಿಟ್‌ಗಳನ್ನು, ಹೊತ್ತುಕೊಂಡು ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಹೋಗಿ ಸೇರುವುದು. ಇದಕ್ಕೆ ಇಲ್ಲಿ ಟ್ರಾನ್ಸ್‌ಫರ್ ಅನ್ನುತ್ತಾರೆ. ಅಮ್ಮನಿಗೆ ಅಷ್ಟೂ ವಿವರಿಸಿದ ಮೇಲೆ, "ಹಾಗಾದ್ರೆ ಪಾಸಾಗಿ ಹೋಗ್ತಿದೀಯ ಅನ್ನು" ಎಂದು ಉಸಿರು ಬಿಟ್ಟಳು.

ಪಾಸಾಗಿಯೇ ಹೋಗುತ್ತಿದ್ದೇನೆ. ಆದರೂ ಕಾಲು ಎಳೆಯುತ್ತಿದೆ.

ಈ ರಾಜ್ಯದಲ್ಲಿ ಇಂಥ ಕಾಲೇಜುಗಳು 116 ಇವೆ. ಕ್ಯಾಲಿಫೋರ್ನಿಯಾ 1960ರಲ್ಲಿ ತನ್ನ ಉನ್ನತ ಶಿಕ್ಷಣಕ್ಕೆ ಒಂದು ಮಾಸ್ಟರ್ ಪ್ಲಾನ್ ಮಾಡಿಕೊಂಡಿತು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮೇಲಿನ ಮೂರನೇ ಒಂದು ಭಾಗಕ್ಕೆ ಸ್ಟೇಟ್ ಕಾಲೇಜುಗಳು. ಉಳಿದಂತೆ ಓದಬೇಕೆಂದು ಬಂದ ಯಾರಿಗೇ ಆಗಲಿ ಜೂನಿಯರ್ ಕಾಲೇಜಿನ ಬಾಗಿಲು ತೆರೆದಿರಬೇಕು. ಅಲ್ಲಿಂದ ಮೇಲಿನ ಎರಡಕ್ಕೂ ಹೋಗುವ ದಾರಿ ಇರಬೇಕು. ಹೀಗೆ ಬರೆದಿಟ್ಟವರ ಬಗ್ಗೆ ನನಗೆ ಗೌರವವಿದೆ. ಜನರನ್ನು ಮೂರು ಪಾಲು ಮಾಡಿದ್ದು ಸರಿಯೇ ಎಂಬ ವಾದ ಬೇರೆ. ಆದರೆ ಒಂದು ಸರ್ಕಾರ, ಯಾರನ್ನೂ ವಾಪಸು ಕಳಿಸದ ಒಂದು ಜಾಗ ಇರಲೇಬೇಕೆಂದು ಕಾಗದದ ಮೇಲೆ ಬರೆದು, ಅದಕ್ಕೆ ದುಡ್ಡು ಕೊಟ್ಟು, ಅರವತ್ತು ವರ್ಷಕ್ಕೂ ಮೇಲೆ ನಡೆಸಿಕೊಂಡು ಬಂದಿದೆ. ನಾನು ಒಳಗೆ ಬಂದದ್ದು ಆ ಬಾಗಿಲಿನಿಂದ.

ನಾನು ಊರಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಮದುವೆಯಾಯಿತು. ಸಿ.ಬಿ.ಝಡ್. ಕಾಂಬಿನೇಶನ್. ಆಮೇಲೆ ಎಚ್-4 ವೀಸಾದ ಮೇಲೆ, ಅಂದರೆ ಇಲ್ಲಿ ಕೆಲಸದ ವೀಸಾದಲ್ಲಿರುವವರ ಹೆಂಡತಿಗೆ ಕೊಡುವ ವೀಸಾದ ಮೇಲೆ, ಇಲ್ಲಿಗೆ ಬಂದೆ. ಈ ವೀಸಾದಲ್ಲಿ ಬಂದವರಿಗೆ ಕೆಲಸ ಮಾಡುವ ಹಕ್ಕು ತಾನಾಗಿ ಸಿಗುವುದಿಲ್ಲ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಹೆಂಡತಿಗೆ ಕೆಲಸದ ಅನುಮತಿ ಕೊಡುವ ನಿಯಮ 2015ರಲ್ಲಿ ಬಂತು. ನಮ್ಮದು ಆಗಿನ್ನೂ ಆ ಹಂತಕ್ಕೆ ಬಂದಿರಲಿಲ್ಲ. ಓದುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಈ ಮಾತನ್ನು ನನಗೆ ಹೇಳಿದ್ದು ಮಗನನ್ನು ಪಾರ್ಕಿಗೆ ಕರೆದುಕೊಂಡು ಹೋದಾಗ ಪರಿಚಯವಾದ ದಾವಣಗೆರೆಯ ಒಬ್ಬ ಅಕ್ಕ. ಸನ್ನಿವೇಲ್, ಕ್ಯುಪರ್ಟಿನೊ, ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟುಗಳಲ್ಲಿ ನನ್ನಂಥ ಎಷ್ಟೋ ಹೆಂಗಸರಿದ್ದಾರೆ. ಡಿಗ್ರಿ ಇದ್ದೂ ಸುಮ್ಮನೆ ಕೂತವರು, ಡಿಗ್ರಿ ಅರ್ಧಕ್ಕೆ ನಿಂತವರು. ಯಾವುದೋ ಹಬ್ಬದ ಊಟದಲ್ಲಿ ಸಿಕ್ಕಾಗ "ನೀವೇನ್ ಮಾಡ್ಕೊಂಡಿದೀರಿ?" ಎಂಬ ಪ್ರಶ್ನೆ ಬಂದರೆ ತಟ್ಟೆ ನೋಡುವವರು.

ಡಿ ಆಂಜಾದಲ್ಲಿ ಆ ಪ್ರಶ್ನೆ ಬರಲಿಲ್ಲ. ಹತ್ತು ವರ್ಷ ಓದು ಬಿಟ್ಟಿದ್ದು ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದು ದಾಖಲೆ ಮಾತ್ರ: ಈ ರಾಜ್ಯದಲ್ಲಿ ಒಂದು ವರ್ಷ ಒಂದು ದಿನದಿಂದ ಇದ್ದೀರಾ, ಪುರಾವೆ ಏನು. ಮನೆ ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸು, ತೆರಿಗೆ ಕಾಗದ ಒಯ್ದೆ. ರಾಜ್ಯದ ನಿವಾಸಿ ಎಂದು ಒಪ್ಪಿದರೆ ಒಂದು ಕ್ವಾರ್ಟರ್ ಯೂನಿಟ್‌ಗೆ 31 ಡಾಲರ್. ಹದಿನೈದು ಯೂನಿಟ್ ತಗೊಂಡರೆ ಕ್ವಾರ್ಟರ್‌ಗೆ 465. ಮೂರು ಕ್ವಾರ್ಟರ್ ಸೇರಿದರೂ ಬೋಧನಾ ಶುಲ್ಕ ವರ್ಷಕ್ಕೆ 1,400 ಡಾಲರ್ ಆಸುಪಾಸು, ಮೇಲೆ ಸಣ್ಣಪುಟ್ಟ ಫೀಸುಗಳು. ಎರಡು ಬೆಡ್‌ರೂಮಿನ ಮನೆಗೆ ತಿಂಗಳಿಗೆ ಇದರ ಎರಡು ಪಟ್ಟಿಗೂ ಮೇಲೆ ಬಾಡಿಗೆ ಕೇಳುವ ಊರಿದು. ಮನೆಯಲ್ಲಿ ಒಬ್ಬರ ಸಂಬಳ ಇರುವಾಗ, ನನಗಾಗಿ ಇಷ್ಟು ಖರ್ಚು ಮಾಡಬಹುದೇ ಎಂದು ಕೇಳಲು ಬಾಯಿ ಬರಬೇಕಾದರೆ ಆ ಮೊತ್ತ ಸಣ್ಣದಿರಬೇಕು. ಗಂಡ ಬೇಡ ಅನ್ನುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ ಕೇಳುವವಳು ನಾನಲ್ಲವೇ. ಶುಲ್ಕ ಕಡಿಮೆ ಇದ್ದುದರಿಂದ ನಾನು ತಲೆ ತಗ್ಗಿಸದೆ ಕೇಳಿದೆ. ಇದನ್ನು ಲೆಕ್ಕದ ಮಾತೆಂದು ಮಾತ್ರ ಓದಬೇಡಿ.

ಗಣಿತದ ಭಯವಿತ್ತು. ಮೊದಲಾಗಿದ್ದರೆ ಒಂದು ಪರೀಕ್ಷೆ ಕೊಟ್ಟು, ಹೈಸ್ಕೂಲಿನ ಲೆಕ್ಕವನ್ನೇ ಮತ್ತೆ ಕಲಿಸುವ ತರಗತಿಗಳಿಗೆ ತಳ್ಳುತ್ತಿದ್ದರಂತೆ. ಅವು ಡಿಗ್ರಿಗೆ ಲೆಕ್ಕಕ್ಕಿಲ್ಲ, ಅವುಗಳಲ್ಲೇ ಜನ ಸೋತು ಬಿಟ್ಟು ಹೋಗುತ್ತಿದ್ದರು. 2017ರಲ್ಲಿ ಎಬಿ 705 ಎಂಬ ಕಾನೂನು ಬಂದ ಮೇಲೆ ನನ್ನಂಥವರು ನೇರವಾಗಿ ಯೂನಿವರ್ಸಿಟಿ ಮಟ್ಟದ ಸ್ಟ್ಯಾಟಿಸ್ಟಿಕ್ಸ್‌ಗೆ ಕೂರಬಹುದಾಯಿತು. ಕೂತೆ. ಕ್ವಾರ್ಟರ್ ಅಂದರೆ ಹನ್ನೆರಡು ವಾರ. ಪುಸ್ತಕ ಬಿಚ್ಚುವಷ್ಟರಲ್ಲಿ ಮಿಡ್‌ಟರ್ಮ್ ಪರೀಕ್ಷೆ. ಮೊದಲ ಮಿಡ್‌ಟರ್ಮ್‌ನ ಮುಂಚೆ ಪ್ರೊಫೆಸರ್ ಆಫೀಸ್ ಅವರ್‌ಗೆ, ಅಂದರೆ ವಿದ್ಯಾರ್ಥಿಗಳು ಬಂದು ಕೇಳಲೆಂದೇ ಅವರು ಇಟ್ಟ ಹೊತ್ತಿಗೆ, ಹೋದೆ. ನಮ್ಮ ಕಾಲೇಜುಗಳಲ್ಲಿ ಸ್ಟಾಫ್ ರೂಮಿಗೆ ಹೋಗುವುದು ಕರೆ ಬಂದಾಗ, ಕರೆ ಬರುವುದು ಬೈಸಿಕೊಳ್ಳುವುದಕ್ಕೆ. ಇಲ್ಲಿ ಬಾಗಿಲು ತೆಗೆದಿತ್ತು. ಮೇಜಿನ ಪಕ್ಕದ ಕುರ್ಚಿಯಲ್ಲಿ ಆಗಲೇ ಒಬ್ಬ ಹುಡುಗ ಕೂತಿದ್ದ. ಇನ್ನೂ ಹೈಸ್ಕೂಲಿನಲ್ಲಿದ್ದುಕೊಂಡೇ ಇಲ್ಲಿ ಒಂದು ಪಾಠ ತಗೊಂಡವನು. ನನ್ನ ಚಿಕ್ಕಪ್ಪನ ಮಗನಿಗಿಂತ ಚಿಕ್ಕವನು.

ಪ್ರೊಫೆಸರ್ ನನ್ನ ನೋಟ್‌ಬುಕ್ ನೋಡಿ, "ಸ್ಟ್ಯಾಂಡರ್ಡ್ ಡೀವಿಯೇಶನ್ ಅಂದರೆ ಏನೂಂತ ಇವನಿಗೆ ಹೇಳಿ" ಅಂದರು. ಸೂತ್ರ ಹೇಳಲು ಹೋದೆ. "ಸೂತ್ರ ಬೇಡ, ಮಾತಲ್ಲಿ ಹೇಳಿ." ಸ್ವಲ್ಪ ಹೊತ್ತು ಯೋಚಿಸಿ, ಸರಾಸರಿ ಅನ್ನೋದು ಒಂದು ಜಾಗ, ಒಬ್ಬೊಬ್ಬರೂ ಅದರಿಂದ ಸಾಮಾನ್ಯವಾಗಿ ಎಷ್ಟು ದೂರ ನಿಂತಿದ್ದಾರೆ ಅನ್ನೋ ಅಳತೆ ಇದು, ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಹುಡುಗ ಅದನ್ನು ಹಾಗೇ ಬರೆದುಕೊಂಡ. ಆಮೇಲೆ ನನ್ನ ಕೈಲಿದ್ದ ಟಿಐ-84 ಕ್ಯಾಲ್ಕುಲೇಟರ್ ತಗೊಂಡು, ಅಂಕಿಗಳನ್ನು ಯಾವ ಪಟ್ಟಿಯಲ್ಲಿ ತುಂಬಬೇಕು, ಯಾವ ಕೀ ಒತ್ತಿದರೆ ಉತ್ತರ ಬರುತ್ತದೆ ಎಂದು ತೋರಿಸಿಕೊಟ್ಟ. ಅಷ್ಟು ದಿನ ನಾನು ಎಲ್ಲವನ್ನೂ ಕೈಯಲ್ಲೇ ಕೂಡಿ ಕಳೆಯುತ್ತಿದ್ದೆ. ಪ್ರೊಫೆಸರ್ ನಮ್ಮಿಬ್ಬರನ್ನೂ ನೋಡಿ ಏನೂ ಹೇಳದೆ ಮುಂದಿನ ಲೆಕ್ಕಕ್ಕೆ ಹೋದರು. ಆ ಕ್ವಾರ್ಟರ್ ಪೂರ್ತಿ ನಾನು, ಆ ಹುಡುಗ, ಇನ್ನೊಬ್ಬಳು ಗೆಳತಿ ಲೈಬ್ರರಿಯಲ್ಲಿ ಒಟ್ಟಿಗೆ ಕೂತು ಓದಿದೆವು.

ಡಿ ಆಂಜಾದ ತರಗತಿ ಅಂದರೆ ಇದೇ. ಪಕ್ಕದಲ್ಲಿ ಸೈನ್ಯದಿಂದ ಬಂದವನು, ಮುಂದೆ ಮೊಮ್ಮಗಳಿರುವ ಇರಾನಿನ ಹೆಂಗಸು, ಹಿಂದೆ ಬರ್ಕ್ಲಿ ಯೂನಿವರ್ಸಿಟಿಗೆ ಹೋಗಿಯೇ ಸಿದ್ಧ ಎಂದು ಹಟ ತೊಟ್ಟ ಚೀನಾದ ಹುಡುಗಿ. ವಯಸ್ಸಿನ ಪ್ರಕಾರ ಜನರನ್ನು ಬೇರೆ ಬೇರೆ ಮಾಡದ ಇನ್ನೊಂದು ಜಾಗವನ್ನು ನಾನು ಈ ದೇಶದಲ್ಲಿ ಕಂಡಿಲ್ಲ. ಇಲ್ಲಿ ನಾನು ಯಾರದೋ ಹೆಂಡತಿ, ಯಾರದೋ ತಾಯಿ ಎನ್ನುವುದನ್ನು ಯಾರೂ ಎತ್ತಲಿಲ್ಲ, ಮರೆಮಾಚುವ ಅಗತ್ಯವೂ ಬೀಳಲಿಲ್ಲ. ಮಗನಿಗೆ ಜ್ವರ ಅಂದರೆ ಅಸೈನ್‌ಮೆಂಟಿಗೆ ಒಂದು ದಿನ ಹೆಚ್ಚು ಕೊಟ್ಟರು, ಅಷ್ಟೇ.

ಇಂಥ ಜಾಗವನ್ನು ಕಟ್ಟಿರುವುದು ಬಿಟ್ಟು ಹೋಗಲೆಂದೇ. ಇದು ನನಗೆ ಅರ್ಥವಾಗಲು ಸಮಯ ಹಿಡಿಯಿತು. ಸೇರಿದ ಹೊಸದರಲ್ಲೇ ಕೌನ್ಸೆಲರ್ ಮುಂದೆ ಕೂರಿಸಿ ಎಜುಕೇಶನ್ ಪ್ಲಾನ್ ಮಾಡಿಸುತ್ತಾರೆ. ಅದರ ಕೊನೆಯ ಸಾಲು ನೀವು ಎಲ್ಲಿಗೆ ಹೋಗುತ್ತೀರಿ ಎನ್ನುವುದು. ಅಸಿಸ್ಟ್ ಎಂಬ ವೆಬ್‌ಸೈಟಿನಲ್ಲಿ ಎಡಗಡೆ ಯೂನಿವರ್ಸಿಟಿಯ ಪಾಠ, ಬಲಗಡೆ ಅದಕ್ಕೆ ಸಮನಾದ ಡಿ ಆಂಜಾದ ಪಾಠ. ಬಲಗಡೆಯದನ್ನು ಒಂದೊಂದಾಗಿ ಮುಗಿಸುತ್ತಾ ಹೋಗುವುದೆಂದರೆ ಎಡಗಡೆಗೆ ದಾಟಲು ತಯಾರಾಗುವುದು. ಕ್ವಾರ್ಟರ್ ಲೆಕ್ಕದಲ್ಲಿ 90 ಯೂನಿಟ್ ಆದರೆ ದಾಟಬಹುದು. ಮೇಷ್ಟ್ರುಗಳು ಹನ್ನೆರಡು ವಾರ ಕಲಿಸಿ ಕಳಿಸಿಬಿಡುತ್ತಾರೆ. ಅವರ ಕೈಲಿ ಕಲಿತವರು ಡಿಗ್ರಿ ಪಡೆಯುವುದು ಬೇರೆಲ್ಲೋ, ಹೆಸರು ಬರುವುದು ಬೇರೆಯವರಿಗೆ. ನಮ್ಮ ಸ್ಟ್ಯಾಟಿಸ್ಟಿಕ್ಸ್ ಪ್ರೊಫೆಸರ್‌ಗೆ ಸೀಟು ಸಿಕ್ಕಿದ ವಿಷಯ ಹೇಳಲು ಹೋದಾಗ ಅವರ ಮುಖದಲ್ಲಿ ಕಂಡ ಸಂತೋಷಕ್ಕೆ ನಾನು ಸಿದ್ಧಳಾಗಿರಲಿಲ್ಲ. ಹೋದವರು ಬಂದು ಹೇಳುವುದು ಕಡಿಮೆ ಅಂದರು. ಆ ಮಾತಿನಲ್ಲಿ ದೂರಿರಲಿಲ್ಲ.

ಮತ್ತು ಎಲ್ಲರೂ ದಾಟುವುದಿಲ್ಲ. ರಾಜ್ಯದ ಆಡಿಟರ್ 2024ರಲ್ಲಿ ಕೊಟ್ಟ ವರದಿಯ ಪ್ರಕಾರ, 2017ರಿಂದ 2019ರ ನಡುವೆ ಟ್ರಾನ್ಸ್‌ಫರ್ ಆಗಬೇಕೆಂದೇ ಕಮ್ಯುನಿಟಿ ಕಾಲೇಜು ಸೇರಿದವರಲ್ಲಿ ನಾಲ್ಕು ವರ್ಷದೊಳಗೆ ಹಾಗೆ ಹೋದವರು ಸುಮಾರು ಐದರಲ್ಲಿ ಒಬ್ಬರು. ಡಿ ಆಂಜಾಗೆ ಈ ವಿಷಯದಲ್ಲಿ ಒಳ್ಳೆಯ ಹೆಸರಿದೆ, ಆದರೂ ಆ ನಾಲ್ವರು ಇಲ್ಲೂ ಇದ್ದಾರೆ. ಲೈಬ್ರರಿಯಲ್ಲಿ ನಮ್ಮ ಜೊತೆ ಕೂರುತ್ತಿದ್ದ ಗೆಳತಿ ರಾತ್ರಿ ಪಾಳಿ ಮುಗಿಸಿ ನೇರ ಕ್ಲಾಸಿಗೆ ಬರುತ್ತಿದ್ದಳು. ಕೆಲಸದ ಜಾಗದಲ್ಲಿ ಪಾಳಿ ಬದಲಾಯಿತು. ಕ್ಲಾಸಿನ ಹೊತ್ತಿಗೂ ಅದಕ್ಕೂ ಹೊಂದಲಿಲ್ಲ. ಅವಳ ಅಂಕಪಟ್ಟಿಯಲ್ಲಿ ಗ್ರೇಡ್ ಇರಬೇಕಾದಲ್ಲಿ ಎರಡು ಕಡೆ ಡಬ್ಲ್ಯೂ ಬಿತ್ತು. ಅಂದರೆ ಪಾಠವನ್ನು ನಡುವೆ ಬಿಟ್ಟಿದ್ದಾಳೆ ಎಂದು. ತಲೆ ನನ್ನದಕ್ಕಿಂತ ಚುರುಕು ಅವಳದು. ಸಂಭವನೀಯತೆಯ ಲೆಕ್ಕಗಳನ್ನು ನಮಗಿಬ್ಬರಿಗೂ ಬಿಡಿಸಿ ಹೇಳುತ್ತಿದ್ದವಳು ಅವಳೇ. ನನಗೆ ಮನೆಯಲ್ಲಿ ಸಂಬಳ ತರುವ ಗಂಡನಿದ್ದಾನೆ, ಬೇಸಿಗೆಯಲ್ಲಿ ಬಂದು ಮೊಮ್ಮಗನನ್ನು ನೋಡಿಕೊಂಡ ಅತ್ತೆಯಿದ್ದಾರೆ. ಅವಳಿಗೆ ಬಾಡಿಗೆಯಿದೆ, ಮೂರು ಮಕ್ಕಳಿದ್ದಾರೆ. ನಾನು ದಾಟಿದ್ದರಲ್ಲಿ ನನ್ನ ಓದಿನ ಪಾಲೆಷ್ಟು, ಇವರ ಪಾಲೆಷ್ಟು ಎಂದು ಲೆಕ್ಕ ಹಾಕಿದರೆ ಅಭಿನಂದನೆಗಳನ್ನು ಪೂರ್ತಿ ಇಟ್ಟುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಈ ಸೆಪ್ಟೆಂಬರ್‌ಗೆ ಒಂದು ಸಂಜೆ ಕ್ಲಾಸಿಗೆ ಹೆಸರು ಕೊಡುತ್ತೇನೆಂದು ಮೊನ್ನೆ ಮೆಸೇಜ್ ಮಾಡಿದ್ದಾಳೆ. ಕೊಡಲಿ ಎಂದು ನಾನು ಬಯಸುವಷ್ಟು ಇನ್ನಾವುದನ್ನೂ ಈಗ ಬಯಸುತ್ತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಹೋಗಲು ನನಗೆ ಆಸೆಯೇ ಇಲ್ಲ ಎಂದುಕೊಳ್ಳಬೇಡಿ. ತುಂಬಾ ಇದೆ. ಸ್ಯಾನ್ ಹೋಸೆ ಸ್ಟೇಟ್ 1857ರಲ್ಲಿ ಮೇಷ್ಟ್ರುಗಳನ್ನು ತಯಾರು ಮಾಡುವ ಶಾಲೆಯಾಗಿ ಹುಟ್ಟಿದ್ದು, ಪಶ್ಚಿಮ ಕರಾವಳಿಯ ಅತ್ಯಂತ ಹಳೆಯ ಸಾರ್ವಜನಿಕ ಯೂನಿವರ್ಸಿಟಿ. ಡಿ ಆಂಜಾದ ಬಸ್ ಸ್ಟಾಪಿನಿಂದ ಹೊರಡುವ 23ನೇ ನಂಬರ್ ಬಸ್ಸು ಸ್ಟೀವನ್ಸ್ ಕ್ರೀಕ್ ರಸ್ತೆ ಹಿಡಿದು ಸ್ಯಾನ್ ಹೋಸೆ ಪೇಟೆಗೇ ಹೋಗುತ್ತದೆ. ಅಲ್ಲಿಳಿದರೆ ಕ್ಯಾಂಪಸ್ಸು ನಡೆಯುವ ದೂರ. ಒಂದು ಭಾನುವಾರ ಮೂವರೂ ಹೋಗಿ ನೋಡಿಕೊಂಡು ಬಂದೆವು. ಅಲ್ಲಿನ ವಿದ್ಯಾರ್ಥಿಗಳಾಗಿದ್ದ ಓಟಗಾರರು ಟಾಮಿ ಸ್ಮಿತ್, ಜಾನ್ ಕಾರ್ಲೋಸ್ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಪದಕ ಪಡೆದು, ಕಪ್ಪು ಜನರ ಮೇಲಿನ ಅನ್ಯಾಯವನ್ನು ವಿರೋಧಿಸಿ ಕರಿ ಗ್ಲೌಸಿನ ಮುಷ್ಟಿ ಎತ್ತಿ ನಿಂತರಲ್ಲ, ಆ ಪ್ರತಿಮೆ ಅಲ್ಲಿದೆ. ಎರಡನೇ ಸ್ಥಾನದ ಮೆಟ್ಟಿಲು ಖಾಲಿ. ಬೆಳ್ಳಿ ಗೆದ್ದಿದ್ದ ಆಸ್ಟ್ರೇಲಿಯಾದ ಪೀಟರ್ ನಾರ್ಮನ್, ನೋಡಲು ಬಂದವರು ಅಲ್ಲಿ ನಿಲ್ಲಲಿ, ತನ್ನ ಪ್ರತಿಮೆ ಬೇಡ ಅಂದಿದ್ದರಂತೆ. ಮಗ ಓಡಿ ಹೋಗಿ ಹತ್ತಿ ನಿಂತ. ಪಕ್ಕದಲ್ಲೇ ಮಾರ್ಟಿನ್ ಲೂಥರ್ ಕಿಂಗ್ ಲೈಬ್ರರಿ. 2003ರಲ್ಲಿ ನಗರವೂ ಯೂನಿವರ್ಸಿಟಿಯೂ ಸೇರಿ ಕಟ್ಟಿ ಒಟ್ಟಿಗೇ ನಡೆಸುವ ಲೈಬ್ರರಿ ಅದು. ರಿಸರ್ಚ್ ಮಾಡುವವರು ಹತ್ತುವ ಎಸ್ಕಲೇಟರ್‌ನಲ್ಲೇ ಮಕ್ಕಳ ಪುಸ್ತಕ ಹಿಡಿದ ತಾಯಂದಿರೂ ಹತ್ತುತ್ತಾರೆ. ಅದನ್ನು ನೋಡಿದಾಗ ಎದೆ ಸ್ವಲ್ಪ ಹಗುರಾಯಿತು. ನೆನಪಿನ ಬಗ್ಗೆ, ಮಕ್ಕಳ ಭಾಷೆಯ ಬಗ್ಗೆ ಅಲ್ಲಿರುವ ಮೇಲಿನ ಹಂತದ ಪಾಠಗಳ ಪಟ್ಟಿಯನ್ನು ರಾತ್ರಿ ಕೂತು ಓದುತ್ತೇನೆ. ಆ ಪಾಠಗಳು ಡಿ ಆಂಜಾದಲ್ಲಿ ಇಲ್ಲ, ಇರಲೂ ಆಗದು. ಅವು ನನಗೆ ಬೇಕು.

ಹೆದರಿಕೆಯೂ ಇದೆ. ಮೂವತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಜಾಗಕ್ಕೆ ಮೂರನೇ ವರ್ಷದಲ್ಲಿ ಹೋಗಿ ಸೇರಿದರೆ, ಹದಿನೆಂಟಕ್ಕೇ ಬಂದು ಹಾಸ್ಟೆಲಿನಲ್ಲಿದ್ದವರಿಗೆ ಆಗಲೇ ಗುಂಪುಗಳಾಗಿರುತ್ತವೆ. ಬೋಧನಾ ಶುಲ್ಕ 2025–26ಕ್ಕೆ 6,450 ಡಾಲರ್, ಅದರ ಮೇಲೆ ಕ್ಯಾಂಪಸ್ ಫೀಸು. ವರ್ಷ ವರ್ಷ ಏರುತ್ತದೆಂದು 2023ರಲ್ಲೇ ತೀರ್ಮಾನ ಮಾಡಿಟ್ಟಿದ್ದಾರೆ. ನನ್ನ ವೀಸಾಗೆ ಫೆಡರಲ್ ಸಹಾಯಧನವಿಲ್ಲ. ಇದರ ಬಗ್ಗೆ ಗಂಡನೂ ನಾನೂ ಒಂದು ಸಂಜೆ ಕೂತು ಮಾತಾಡಿ ಮುಗಿಸಿದೆವು.

ಚುಚ್ಚಿದ್ದು ಬೇರೆ, ತೀರಾ ಸಣ್ಣದು. ಯೂನಿವರ್ಸಿಟಿಯ ಪೋರ್ಟಲ್‌ನಲ್ಲಿ ನನ್ನ ಪಾಠಗಳು ಹೊಸ ಲೆಕ್ಕದಲ್ಲಿ ಕಾಣಿಸಿಕೊಂಡವು. ಅಲ್ಲಿ ಸೆಮಿಸ್ಟರ್, ಇಲ್ಲಿ ಕ್ವಾರ್ಟರ್. ಹಾಗಾಗಿ ಪ್ರತಿ ಯೂನಿಟನ್ನೂ ಮೂರನೇ ಎರಡು ಭಾಗ ಮಾಡಬೇಕು. ಐದು ಯೂನಿಟಿನ ಸ್ಟ್ಯಾಟಿಸ್ಟಿಕ್ಸ್ ಮೂರು ಚಿಲ್ಲರೆ ಆಗಿ ಕೂತಿತ್ತು. ಲೆಕ್ಕ ಸರಿಯಾಗಿದೆ, ಯಾರೂ ಏನೂ ಕಿತ್ತುಕೊಂಡಿಲ್ಲ. ಸೆಮಿಸ್ಟರ್ ಉದ್ದ, ಅದರ ಯೂನಿಟ್ಟು ದೊಡ್ಡದು. ಆದರೂ ಆ ಸಾಲಿನ ಮೇಲೆ ಕಣ್ಣು ನಿಂತಿತು. ಕ್ಯಾಲ್ಕುಲೇಟರ್ ಹಿಡಿದ ಹುಡುಗ, ರಾತ್ರಿ ಪಾಳಿಯಿಂದ ಬಂದ ಗೆಳತಿ, ಮಗ ಮಲಗಿದ ಮೇಲೆ ಅಡುಗೆಮನೆ ದೀಪದಲ್ಲಿ ಮಾಡಿದ ಲೆಕ್ಕಗಳು. ಇವುಗಳಿಗೆ ಅಲ್ಲೊಂದು ಕಾಲಮ್ ಇರುವುದಿಲ್ಲ, ಇರಬೇಕೆಂದು ಕೇಳುವುದೂ ಸರಿಯಲ್ಲ.

ಇದಕ್ಕಿಂತ ಹೆಚ್ಚು ನೋವಾಗುವುದು ನಮ್ಮವರ ಮಾತಿನಿಂದ. "ಅಂತೂ ನಿಜವಾದ ಕಾಲೇಜಿಗೆ ಸೇರಿದ್ರಲ್ಲ!" ಯುಗಾದಿ ಕಾರ್ಯಕ್ರಮದಲ್ಲಿ ಒಬ್ಬರಲ್ಲ, ಹಲವರು ಹೀಗೆ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವರ ಮಕ್ಕಳು ಬರ್ಕ್ಲಿ, ಯುಸಿಎಲ್‌ಎ ಎಂದು ಓಡುತ್ತಿರುವಾಗ ಕಮ್ಯುನಿಟಿ ಕಾಲೇಜು ಅಂದರೆ ಎಲ್ಲೂ ಸಿಗದವರು ಹೋಗುವ ಜಾಗ ಎಂಬ ಭಾವನೆ ಇಲ್ಲಿನ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಅದು ತಪ್ಪು ಎಂದು ನಾನು ಜೋರಾಗಿಯೇ ಹೇಳುತ್ತೇನೆ. ಇಡೀ ಕ್ಲಾಸಿನಲ್ಲಿ ನಲವತ್ತು ಜನರಿಗೆ ಸ್ವತಃ ಪ್ರೊಫೆಸರ್ ಪಾಠ ಮಾಡಿ, ಹೆಸರು ಹಿಡಿದು ಕರೆದು, ಪ್ರಬಂಧದ ಅಂಚಿನಲ್ಲಿ ತಮ್ಮ ಕೈಬರಹದಲ್ಲಿ ಟಿಪ್ಪಣಿ ಬರೆದು ಕೊಟ್ಟಿದ್ದಾರೆ. ಪ್ರಬಂಧವೊಂದನ್ನು ಮೂರು ಸಲ ತಿದ್ದಿ ಬರೆಯುವುದನ್ನು, ಓದಿದ್ದನ್ನು ಪ್ರಶ್ನಿಸುವುದನ್ನು, ಗೊತ್ತಾಗದಿದ್ದರೆ ಕೈ ಎತ್ತಿ ಗೊತ್ತಾಗಲಿಲ್ಲ ಎನ್ನುವುದನ್ನು ನಾನು ಕಲಿತದ್ದು ಅಲ್ಲಿ. ಆಗಸ್ಟ್‌ನಲ್ಲಿ ಆ ದೊಡ್ಡ ಕ್ಯಾಂಪಸ್ಸಿನಲ್ಲಿ ನಾನು ತಡೆದುಕೊಂಡು ನಿಂತರೆ ಅದು ಇದರ ಬಲದಿಂದ. ಅದನ್ನು ಮೆಟ್ಟಿಲು ಎಂದು ಕರೆದು ಮರೆತುಬಿಡಲು ನಾನು ತಯಾರಿಲ್ಲ.

ಡಿ ಆಂಜಾ ನನಗೊಂದು ಅಸೋಸಿಯೇಟ್ ಡಿಗ್ರಿ ಕೊಡುತ್ತದೆ. ಎರಡು ವರ್ಷದ್ದು. ಜೂನ್ ಕೊನೆಗೆ ಪದವಿ ಪ್ರದಾನ. ಗೌನ್ ಹಾಕಿಕೊಂಡು ಹೋಗುವುದು ಕಡ್ಡಾಯವಲ್ಲ, ಪ್ರಮಾಣಪತ್ರ ಹೇಗೂ ಬರುತ್ತದೆ. "ಇನ್ನೆರಡು ವರ್ಷಕ್ಕೆ ದೊಡ್ಡದೇ ಇದೆಯಲ್ಲ, ಆಗ ಎಲ್ಲರನ್ನೂ ಕರೆಸಿ ಜೋರಾಗಿ ಮಾಡೋಣ" ಎಂದು ಗಂಡ ಪ್ರೀತಿಯಿಂದಲೇ ಅಂದರು. ಆಗಲೂ ಮಾಡೋಣ, ಇದಕ್ಕೂ ಹೋಗೋಣ ಅಂದೆ. ಗೌನಿಗೂ ಟೋಪಿಗೂ ಕಾಲೇಜಿನ ಬುಕ್‌ಸ್ಟೋರಿನಲ್ಲಿ ದುಡ್ಡು ಕಟ್ಟಿ ಬಂದಿದ್ದೇನೆ. ಒಳಗೆ ಅಮ್ಮ ಕಳಿಸಿದ ಮೈಸೂರು ರೇಷ್ಮೆ ಸೀರೆ ಉಡುತ್ತೇನೆ. ಗೆಳತಿಗೆ ಆ ದಿನ ರಜೆ ಸಿಕ್ಕಿದೆ. ಮಕ್ಕಳನ್ನೂ ಕರೆದುಕೊಂಡು ಬರುತ್ತಾಳಂತೆ. ಊರಲ್ಲಿ ಆಗ ರಾತ್ರಿ ಬಹಳ ಹೊತ್ತಾಗಿರುತ್ತದೆ. ಆದರೂ ವಿಡಿಯೊ ಕಾಲ್ ಮಾಡು, ಎದ್ದು ಕೂತಿರ್ತೀವಿ ಎಂದು ಅಪ್ಪ ಹೇಳಿದ್ದಾರೆ.